ನಡುವಿನಿಂದ ಶುರುವಾದ ಪತ್ತೇದಾರಿ ಕಾದಂಬರಿ

ಬ್ಯಾಡಗಿಯಿಂದ ಬಂದ ಪುಸ್ತಕಗಳನ್ನು ಬಿಚ್ಚುವ ದಿನ ನಾವು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇವೆ. ಆ ಊರಿನವರು ಏನನ್ನೇ ಕಳಿಸಲಿ, ಮೆಣಸಿನಕಾಯಿಯ ಖಾಲಿ ಚೀಲದಲ್ಲಿ ತುಂಬಿ ಕಳಿಸುತ್ತಾರೆ. ಒಳಗಿರುವುದು ಕಾವ್ಯವೋ ಕಾನೂನೋ, ಚೀಲದ ಬಾಯಿ ಬಿಚ್ಚಿದ ಕೂಡಲೇ ಗ್ರಂಥಾಲಯದ ಈ ತುದಿಯಿಂದ ಆ ತುದಿಯವರೆಗೆ ಸೀನು ಹಬ್ಬುತ್ತದೆ. ಓದುತ್ತ ಕುಳಿತ ಹುಡುಗರು ತಲೆಯೆತ್ತಿ, "ಬ್ಯಾಡಗಿ ಮಾಲು ಬಂತು" ಎಂದು ನಗುತ್ತಾರೆ.

ನಾನು ಹಾವೇರಿಯ ಹೊರಗಿರುವ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಸಹಾಯಕಿ. ಹುಟ್ಟಿದ್ದು ಮೇಡ್ಲೇರಿಯಲ್ಲಿ, ಸೇರಿದ ಮನೆ ಹಾವೇರಿಯಲ್ಲಿ. ಜನ ದಾನವಾಗಿ ಕೊಟ್ಟ ಪುಸ್ತಕಗಳನ್ನು ಒರೆಸಿ, ಇಟ್ಟುಕೊಳ್ಳಬೇಕಾದವನ್ನು ಆರಿಸಿ, ನಂಬರು ಕೊಟ್ಟು ಕಪಾಟಿಗೆ ಸೇರಿಸುವುದು ನನ್ನ ಪಾಲಿನ ಕೆಲಸ. ಕೇಳಿದವರಿಗೆ ಇದು ಬೇಸರದ ಕೆಲಸ ಅನ್ನಿಸುತ್ತದೆ. ಮಾಡಿದವರಿಗಷ್ಟೇ ಅದರ ರುಚಿ ಗೊತ್ತು. ಹಳೆಯ ಪುಸ್ತಕದ ಹೊಟ್ಟೆಯಲ್ಲಿ ಏನಿರುತ್ತದೆಂದು ಹೇಳಲಾಗದು. ಬೇವಿನೆಲೆ, ನವಿಲುಗರಿ, ಬಸ್ಸಿನ ಟಿಕೀಟು ಇವೆಲ್ಲ ಮಾಮೂಲು. ಒಮ್ಮೆ ವ್ಯಾಕರಣದ ಪುಸ್ತಕವೊಂದರಲ್ಲಿ, ಸರಿಯಾಗಿ ಸಮಾಸಗಳ ಪಾಠದ ಹತ್ತಿರ, ಚಪ್ಪಟೆಯಾದ ಒಂದು ಮೆಣಸಿನಕಾಯಿ ಸಿಕ್ಕಿತ್ತು. ಅಲ್ಲಿಂದ ಮುಂದೆ ಯಾರೂ ಓದಿದಂತಿರಲಿಲ್ಲ. ಇನ್ನೊಂದು ಪುಸ್ತಕದಲ್ಲಿ ಓದುಗನೊಬ್ಬ ಅಚ್ಚಿನ ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಿಂದ ತಿದ್ದಿ, ಕಡೆಯ ಪುಟದಲ್ಲಿ ಮುದ್ರಕರಿಗೆ ಅಂಕ ಕೊಟ್ಟು "ಪಾಸು, ಆದರೆ ಕಷ್ಟಪಟ್ಟು" ಎಂದು ಬರೆದಿದ್ದ. ದನಕರುಗಳ ಕಾಯಿಲೆಯ ಪುಸ್ತಕದ ರಟ್ಟಿನೊಳಗೆ ಪ್ರೇಮಕವಿತೆಗಳನ್ನು ಸೇರಿಸಿ ಹೊಲಿದ ಪುಸ್ತಕವೂ ನಮ್ಮಲ್ಲಿತ್ತು. ಬೈಂಡು ಮಾಡಿದವನ ಕೈತಪ್ಪು. ಎಮ್ಮೆ ಕಟ್ಟಿದ ಮನೆಯ ಹುಡುಗನೊಬ್ಬ ಅದನ್ನು ಮತ್ತೆ ಮತ್ತೆ ಒಯ್ಯುತ್ತಿದ್ದ. ಒಂದು ದಿನವೂ ದೂರು ಹೇಳಲಿಲ್ಲ.

ಇವುಗಳ ನಡುವೆ ನಾನು ಯಾವತ್ತಿಗೂ ಮರೆಯದ ಪುಸ್ತಕ ಬಂದದ್ದೂ ಬ್ಯಾಡಗಿಯ ಚೀಲದಲ್ಲೇ. ಸೀನು ಮುಗಿಸಿ ಕಣ್ಣೊರೆಸಿಕೊಂಡು ನೋಡಿದರೆ, ತಲೆದಿಂಬಿನಷ್ಟು ದಪ್ಪದ ಒಂದು ಪುಸ್ತಕ. ರಟ್ಟಿನ ಮೇಲೆ ಹೆಸರಿಲ್ಲ. ಒಳಗಿನ ಹಾಳೆಗಳು ದಪ್ಪ, ಕಂದು ಬಣ್ಣ, ಒಂದು ಅಕ್ಷರವೂ ಇಲ್ಲ. ಬರೀ ಉಬ್ಬಿದ ಚುಕ್ಕೆಗಳು. ಕಣ್ಣಿಲ್ಲದವರು ಬೆರಳಿನಿಂದ ಓದುವ ಬ್ರೈಲ್ ಅದು ಎಂದು ನನಗೂ ತಿಳಿಯಿತು, ನಮ್ಮ ಗ್ರಂಥಪಾಲಕರಾದ ಸರ್‌ಗೂ ತಿಳಿಯಿತು. ಅದರಾಚೆ ಇಬ್ಬರಿಗೂ ಏನೂ ತಿಳಿಯಲಿಲ್ಲ. ಯಾವ ಭಾಷೆ, ಯಾವ ವಿಷಯ, ಬರೆದವರು ಯಾರು? ಕಂಪ್ಯೂಟರಿನಲ್ಲಿ ಪುಸ್ತಕ ಸೇರಿಸಬೇಕಾದರೆ ಇವನ್ನೆಲ್ಲ ತುಂಬದೆ ಅದು ಮುಂದಕ್ಕೆ ಬಿಡುವುದಿಲ್ಲ. ಹುಡುಗನೊಬ್ಬ, "ಮೇಡಂ, ನನ್ನ ಫೋನಿನೊಳಗ ಚಿತ್ರ ನೋಡಿ ಹೇಳೂ ಆ್ಯಪ್ ಐತ್ರಿ" ಎಂದು ಪುಟದ ಫೋಟೋ ಹಿಡಿದ. ಅದು ಬಹಳ ಹೊತ್ತು ಯೋಚಿಸಿ, ಚಿತ್ರದಲ್ಲಿರುವುದು ಒಂದು ಗೋಡೆ ಎಂದು ಹೇಳಿತು.

ಸರ್, "ಇರಲಿ ಬಿಡ್ರಿ, ಓದವರು ಒಬ್ರು ಬಂದ ಬರ್ತಾರ" ಎಂದರು. ನಾನು ಅದನ್ನು ನನ್ನ ಮೇಜಿನ ಹಿಂದಿನ ಕಪಾಟಿನಲ್ಲಿ ನಿಲ್ಲಿಸಿದೆ.

ಓದುವವರು ಬಂದದ್ದು ಮುಂದಿನ ವರ್ಷ. ಕನ್ನಡ ಎಂ.ಎ.ಗೆ ಸೇರಿದ ಹುಡುಗಿ. ಬ್ಯಾಡಗಿಯವಳೇ. ತಂದೆಯದು ಟೇಲರಿಂಗ್ ಅಂಗಡಿ, ತಾಯಿ ಹಂಗಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುತ್ತಿದ್ದರು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಹುಟ್ಟಿನಿಂದ ಕಣ್ಣು ಕಾಣದ ಆಕೆ ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಓದಿದವಳು. ಮೊದಲ ದಿನ ಗೆಳತಿಯ ಮೊಣಕೈ ಹಿಡಿದು ಬಂದಳು, ಎರಡನೆಯ ದಿನ ಬಿಳಿ ಕೋಲು ಹಿಡಿದು ಒಬ್ಬಳೇ ಬಂದಳು. ಸುಮ್ಮನೆ ಕೂರುವ ಜಾತಿಯಲ್ಲ. ಕಾರ್ಡು ಮಾಡಿಸಲು ನನ್ನ ಮೇಜಿನ ಮುಂದೆ ನಿಂತು, "ನಿಮ್ಮ ಫ್ಯಾನು ಸಪ್ಪಳ ಮಾಡಾಕತ್ತೈತ್ರಿ, ಎಣ್ಣಿ ಬಿಡಸ್ರಿ" ಅಂದಳು.

ನಾನು ಆ ಪುಸ್ತಕವನ್ನು ತೆಗೆದು ಅವಳ ಮುಂದಿಟ್ಟೆ. "ಇದು ಏನಂತ ನೋಡವಾ. ನಮಗ ಯಾರಿಗೂ ತಿಳೀವಲ್ದು."

ಅವಳು ಪುಟ ತೆರೆದು ಬೆರಳಿಟ್ಟಳು. ಮುಖ ಗಂಟಿಕ್ಕಿತು. ಆಮೇಲೆ ನಕ್ಕು ಪುಸ್ತಕವನ್ನು ಸುತ್ತು ತಿರುಗಿಸಿದಳು. "ತಲಿಕೆಳಗ ಕೊಟ್ಟೀರಿ ಮೇಡಂ." ಒಂದು ವರ್ಷ ಆ ಪುಸ್ತಕ ನನ್ನ ಕಪಾಟಿನಲ್ಲಿ ತಲೆಕೆಳಗಾಗಿ ನಿಂತಿತ್ತು.

ಈಗ ಅವಳ ಎರಡೂ ಕೈಗಳು ಸಾಲಿನ ಮೇಲೆ ಓಡತೊಡಗಿದವು. ಬಲಗೈ ಓದುತ್ತಿದ್ದರೆ ಎಡಗೈ ಕೆಳಗಿನ ಸಾಲನ್ನು ಹಿಡಿದು ಕಾಯುತ್ತಿತ್ತು. "ಕನ್ನಡ ಐತ್ರಿ" ಅಂದಳು. ನಾನು ಬೇರೆ ಯಾರಿಗೋ ಪುಸ್ತಕ ಕೊಟ್ಟು ಕಳಿಸಿ ತಿರುಗುವಷ್ಟರಲ್ಲಿ ಅವಳು ಗಟ್ಟಿಯಾಗಿ ನಗತೊಡಗಿದ್ದಳು. ಓದುವ ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟೂ ಜನ ಕಣ್ಣಿದ್ದವರು, ಎದುರಿಗೇ ಪುಸ್ತಕ ತೆರೆದಿತ್ತು, ಆದರೆ ನಗು ಯಾತಕ್ಕೆಂದು ಗೊತ್ತಿದ್ದದ್ದು ಅವಳೊಬ್ಬಳಿಗೇ.

"ಏನೈತಿ ಅದರಾಗ?" ಎಂದು ಕೇಳಿದೆ.

"ಪತ್ತೇದಾರ ಒಬ್ಬಾಂವ ಅಟ್ಟದ ಮ್ಯಾಲೆ ಹುಡುಕಾಕ ಹತ್ಯಾನ್ರಿ. ಯಾರೋ ನಿಚ್ಚಣಿಕಿ ತಗದಾರ. ರಾತ್ರಿಯೆಲ್ಲಾ ಅಲ್ಲೇ ಕುಂತಾನ. ಮುಂಜಾನೆ ಅಡಿಗಿಯಾಕಿ ಉಪ್ಪಿನಕಾಯಿ ತಗೊಳ್ಳಾಕ ಹತ್ತಿದ್ರ ಭರಣಿ ಸಂದ್ಯಾಗ ಈ ಮನಷಾ. 'ಗಾಬರಿಯಾಗಬೇಡಿ, ನಾನು ತನಿಖೆ ನಡೆಸುತ್ತಿದ್ದೇನೆ' ಅಂತಾನ್ರಿ."

ಪತ್ತೇದಾರಿ ಕಾದಂಬರಿ. ನಮ್ಮ ವಿಶ್ವವಿದ್ಯಾಲಯದ ಕಪಾಟುಗಳಲ್ಲಿ ಒಂದೂ ಇಲ್ಲದ ಸರಕು. ರೈಲ್ವೆ ಸ್ಟೇಷನ್ನಿನಲ್ಲಿ ಕೊಂಡು, ಇಳಿಯುವಾಗ ಸೀಟಿನ ಮೇಲೆ ಬಿಟ್ಟು ಹೋಗುವಂಥ ಪುಸ್ತಕಗಳನ್ನು ಗ್ರಂಥಾಲಯಗಳು ಕೊಳ್ಳುವುದಿಲ್ಲ. ಮೊದಲ ಹಾಳೆಗಳು ಕಿತ್ತುಹೋಗಿದ್ದರಿಂದ ಹೆಸರು ಸಿಗಲಿಲ್ಲ. ಪ್ರತಿ ಪುಟದ ಮೂಲೆಯಲ್ಲಿದ್ದ ಸಂಪುಟದ ಅಂಕಿ ಸವರಿ ಅವಳು ಇನ್ನೊಂದು ವಿಷಯ ಹೇಳಿದಳು. ಬ್ರೈಲಿನಲ್ಲಿ ಹಾಕಿದರೆ ಸಣ್ಣ ಪುಸ್ತಕವೂ ಹಲವು ಸಂಪುಟವಾಗುತ್ತದೆ. ಇದು ನಡುವಿನ ಸಂಪುಟ, ಎರಡನೆಯದು.

"ಒಯ್ದು ಓದವಾ" ಎಂದೆ.

"ಫೋನಿನೊಳಗ ಎಲ್ಲಾ ಪುಸ್ತಕ ಕೇಳತೇನ್ರಿ. ಆದ್ರ ಫೋನು ಕತಿ ಓದಿದ್ರೂ ವಾರ್ತೆ ಓದಿದಂಗ ಆಗತೈತಿ. ಇದನ್ನ ಬಸ್ಸಿನ್ಯಾಗ ಹೊತಗೊಂಡು ಹೋದ್ರ ಚುಕ್ಕಿ ಸವೀತಾವ. ಇಲ್ಲೇ ಓದತೇನಿ. ನೀವೂ ಕೇಳ್ರಿ."

ಹಾಗೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹಿಂದಿನ ವರಾಂಡದಲ್ಲಿ ಓದು ಶುರುವಾಯಿತು. ಮೊದಲು ನಾವಿಬ್ಬರೇ. ನಂತರ ಗೇಟಿನ ಕಾವಲಿಗಿದ್ದ ಕಾಕಾ ಬಂದರು. ಸೇನೆಯಿಂದ ನಿವೃತ್ತರಾದ ಅವರಿಗೆ ಪತ್ತೇದಾರನ ಕೆಲಸದಲ್ಲಿ ಪ್ರತಿ ಹೆಜ್ಜೆಗೂ ತಪ್ಪು ಕಾಣುತ್ತಿತ್ತು. ಆಮೇಲೆ ಗ್ರಂಥಾಲಯದ ಕಸ ಹೊಡೆದು ನೆಲ ಒರೆಸುವ ಅಕ್ಕ ಬಂದು ಕಂಬಕ್ಕೊರಗಿ ಕೂತಳು. ವಾರ ಕಳೆಯುವಷ್ಟರಲ್ಲಿ ರೊಟ್ಟಿಯ ಡಬ್ಬಿ ಹಿಡಿದ ಹುಡುಗ ಹುಡುಗಿಯರು ಮೆಟ್ಟಿಲ ತುಂಬ ಕೂರತೊಡಗಿದರು. ಸರ್ ಮಾತ್ರ ಬರಲಿಲ್ಲ. ಅವರ ಕೋಣೆಯ ಕಿಟಕಿ ವರಾಂಡದ ಕಡೆಗಿತ್ತು. ದಿನಾ ಆ ಹೊತ್ತಿಗೆ ಅದು ತೆರೆದಿರುತ್ತಿತ್ತು.

ನಡುವಿನಿಂದ ಶುರು ಮಾಡಿದ್ದರಿಂದ ನಮಗೆಲ್ಲ ಒಂದು ವಿಚಿತ್ರ ತೊಂದರೆ. ದೊಡ್ಡ ಮನೆತನದ ವಾಡೆ, ಮದುವೆಯ ಮುನ್ನಾದಿನ, ಏನೋ ಕಳುವಾಗಿದೆ. ಅಷ್ಟು ಗೊತ್ತಾಗುತ್ತಿತ್ತು. ಏನು ಕಳುವಾಗಿದೆ ಎಂಬುದೇ ಗೊತ್ತಿಲ್ಲ. ಅದು ಮೊದಲ ಸಂಪುಟದಲ್ಲಿ ಹೇಳಿ ಮುಗಿದಿದೆ. ಇಲ್ಲಿ ಎಲ್ಲರೂ ಬರೀ "ಅದು" ಎನ್ನುತ್ತಾರೆ. "ಅದನ್ನು ಕಡೆಯದಾಗಿ ನೋಡಿದವರು ಯಾರು?" "ಅದರ ಸದ್ದು ನಿಮಗೆ ಕೇಳಲಿಲ್ಲವೇ?"

"ಸಪ್ಪಳ ಮಾಡತೈತಿ ಅಂದ್ರ ಗೆಜ್ಜಿ" ಎಂದಳು ಅಕ್ಕ.

"ಗೆಜ್ಜಿಗೆ ಯಾರ ಪತ್ತೇದಾರನ್ನ ಕರಸ್ತಾರ? ಗಡಿಯಾರ ಅದು, ಬಂಗಾರದ್ದು" ಎಂದರು ಕಾಕಾ.

ಕಿಟಕಿಯೊಳಗಿಂದ ಸರ್ ಧ್ವನಿ ಬಂತು. "ಗಿಳಿ ಯಾಕ ಇರಬಾರದು?"

ಆ ದಿನ ಊಟದ ಹೊತ್ತು ಮುಗಿದರೂ ಗಿಳಿಯ ಮೇಲೆ ವಾದ ಮುಗಿಯಲಿಲ್ಲ.

ಅಕ್ಕನಿಗೆ ಕಳುವಿಗಿಂತ ಹೆಚ್ಚಿನ ಆಸ್ಥೆ ಆ ಮನೆಯ ಅಡುಗೆಯವಳ ಮೇಲೆ. ವಾಡೆಯಲ್ಲಿ ಎಲ್ಲರೂ ಮೊದಲು ಬೆರಳು ತೋರಿಸಿದ್ದು ಅವಳ ಕಡೆಗೆ. ಅವಳ ಗಂಟುಮೂಟೆ ಬಿಚ್ಚಿಸಿದರು, ಅಕ್ಕಿಯ ಡಬ್ಬಿಯೊಳಗೆ ಕೈ ಹಾಕಿ ನೋಡಿದರು. ಅವಳು ಅಳಲಿಲ್ಲ. ಪತ್ತೇದಾರನ ಎದುರು ನಿಂತು, "ಈ ಮನೆಯ ಪ್ರತಿ ಪಾತ್ರೆಯ ತಳವೂ ನನಗೆ ಗೊತ್ತು. ಕದಿಯುವವಳಾಗಿದ್ದರೆ ಇಷ್ಟು ವರ್ಷ ಪಾತ್ರೆ ತಿಕ್ಕುತ್ತ ಕೂರುತ್ತಿರಲಿಲ್ಲ" ಎಂದಳು. ಹುಡುಗಿ ಆ ಮಾತನ್ನು ಓದಿದಾಗ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಮ್ಮೆ ಓದವಾ ಅದನ್ನ" ಎಂದಳು. ಹುಡುಗಿ ಇನ್ನೊಮ್ಮೆ ಓದಿದಳು.

ಮಧ್ಯಾಹ್ನದ ಮೇಲೆ ನಾನು ಕಪಾಟು ಜೋಡಿಸುವಾಗ ಅಕ್ಕ ಹತ್ತಿರ ಬಂದಳು. "ಬಾಯಾರ, ಮೊದಲ ನಾ ಒಂದು ಮನಿಯಾಗ ಕೆಲಸಕ್ಕ ಹೋಗತಿದ್ದೆ. ಅವರದೊಂದು ಉಂಗುರ ಕಾಣದಂಗ ಆತು. ನನ್ನ ಸೀರಿ ಝಾಡಿಸಿ ನೋಡಿದ್ರು. ಆಮ್ಯಾಲೆ ಅದು ಅವರ ಸಾಬಾನಿನ ಡಬ್ಬ್ಯಾಗ ಸಿಕ್ಕತು. ಸಿಕ್ಕತು ಅಂತ ನನಗ ಯಾರೂ ಹೇಳಲಿಲ್ಲ. ನಾನ ಬಚ್ಚಲಾ ತಿಕ್ಕೂವಾಗ ನೋಡಿದೆ." ಇಷ್ಟು ಹೇಳಿ ಬಕೆಟ್ಟು ಎತ್ತಿಕೊಂಡು ಹೋದಳು.

ಎರಡನೆಯ ಸಂಪುಟ ಮುಗಿದದ್ದು ಎಂಥ ಜಾಗದಲ್ಲೆಂದರೆ, ಪತ್ತೇದಾರ ಎಲ್ಲರನ್ನೂ ನಡುಮನೆಗೆ ಕರೆಸಿ, ಬಾಗಿಲು ಹಾಕಿಸಿ, "ಕಳ್ಳ ಈ ಕೋಣೆಯಲ್ಲೇ ಇದ್ದಾರೆ" ಎನ್ನುತ್ತಾನೆ. ಹುಡುಗಿಯ ಬೆರಳು ರಟ್ಟಿಗೆ ಬಡಿಯಿತು. "ಮುಗೀತ್ರಿ" ಅಂದಳು. ಮೆಟ್ಟಿಲ ಮೇಲೆ ಕೂತವರಿಗೆ ಕೈಯಲ್ಲಿದ್ದ ರೊಟ್ಟಿ ನೆನಪಿರಲಿಲ್ಲ. ಕಾಕಾ, "ಇದು ಮೋಸ" ಎಂದು ಎದ್ದು ಗೇಟಿಗೆ ಹೋದರು.

ಉಳಿದ ಸಂಪುಟ ಹುಡುಕಲೇಬೇಕಾಯಿತು. ಚೀಲ ಕಳಿಸಿದ ಮನೆಯ ವಿಳಾಸ ನನ್ನ ಹತ್ತಿರ ಇತ್ತು. ಒಂದು ಶನಿವಾರ ನಾನು ಬ್ಯಾಡಗಿಯ ಬಸ್ಸು ಹತ್ತಿದೆ. ಹುಡುಗಿ ಬಸ್ ನಿಲ್ದಾಣಕ್ಕೆ ಬಂದು ನನ್ನನ್ನು ಕರೆದುಕೊಂಡು ಹೋದಳು. ಮಾರ್ಕೆಟ್ಟಿನ ಹಂಗಾಮಿನ ದಿನಗಳು ಅವು. ಎಲ್ಲಿ ನೋಡಿದರೂ ಚೀಲ ತುಂಬಿದ ಗಾಡಿಗಳು. ಕಣ್ಣಿದ್ದ ನಾನು ಉರಿಯುವ ಕಣ್ಣು ಮುಚ್ಚಿಕೊಂಡು ಅವಳ ಮೊಣಕೈ ಹಿಡಿದು ನಡೆದೆ. ಅವಳಿಗೆ ಅದು ಬಹಳ ಖುಷಿ ಕೊಟ್ಟಿತು. "ಎಡಕ್ಕ ಗಟಾರ ಐತ್ರಿ ಮೇಡಂ, ಸಾವಕಾಶ" ಎಂದು ದಾರಿಯುದ್ದಕ್ಕೂ ಹೇಳುತ್ತ ಹೋದಳು.

ಆ ಮನೆಯ ಸೊಸೆ ನಮ್ಮನ್ನು ಕೂರಿಸಿ, ಮಂಡಕ್ಕಿ ಒಗ್ಗರಣೆ ಕೊಟ್ಟು, ವಿಷಯ ಹೇಳಿದರು. ಅವರ ಅತ್ತೆಗೆ ವಯಸ್ಸಾದ ಮೇಲೆ ಕಣ್ಣು ಹೋಗಿತ್ತು. ಹರೆಯದಿಂದಲೂ ಪತ್ತೇದಾರಿ ಕಾದಂಬರಿ ಎಂದರೆ ಊಟ ಬಿಡುತ್ತಿದ್ದ ಹೆಂಗಸು. ಓದಿ ಹೇಳುವವರನ್ನು ಕಾಯ್ದು ಬೇಸತ್ತು, ಬ್ರೈಲ್ ಕಲಿತೇ ಬಿಟ್ಟರು. ಅವರಿಗೆ ಇಷ್ಟವಾದ ಒಂದು ಹಳೆಯ ಕಾದಂಬರಿಯನ್ನು ಬಂಧುವೊಬ್ಬರು ಬ್ರೈಲಿನಲ್ಲಿ ಹಾಕಿಸಿ ತಂದುಕೊಟ್ಟಿದ್ದರು.

"ಮೂರು ಇದ್ದೂವ್ರಿ. ಒಂದನ್ನ ರಾಣೆಬೆನ್ನೂರಿನ ಹಾರ್ಮೋನಿಯಂ ಮಾಸ್ತರ ಒಯ್ದಾರ. ಅವರಿಗೂ ಕಣ್ಣಿಲ್ಲ. ಇನ್ನೊಂದು ಮನ್ಯಾಗ ಇರಬೇಕ್ರಿ, ಎಲ್ಲೈತೋ ಗೊತ್ತಿಲ್ಲ. ಅತ್ತಿ ಹೋದ ಮ್ಯಾಲೆ ಸಾಮಾನೆಲ್ಲಾ ಅಲ್ಲಿಂದಿಲ್ಲಿಗೆ ಆಗೈತಿ" ಎಂದರು ಸೊಸೆ. ಹುಡುಕಿ ಸಿಕ್ಕರೆ ಹೇಳುತ್ತೇನೆಂದು ನಂಬರು ಬರೆದುಕೊಂಡರು.

ಅಲ್ಲಿಂದಲೇ ಇಬ್ಬರೂ ರಾಣೆಬೆನ್ನೂರಿಗೆ ಹೋದೆವು. ಮಾಸ್ತರರ ಮನೆ ಸಿಗುವುದು ಕಷ್ಟವಾಗಲಿಲ್ಲ. ಓಣಿಯ ತಿರುವಿನಲ್ಲೇ ಮಕ್ಕಳು ಒಂದೇ ಸಮನೆ ಸಾ ರೇ ಗ ಹೇಳುವುದು ಕೇಳುತ್ತಿತ್ತು. ಅರವತ್ತು ದಾಟಿದ, ನಗುಮುಖದ ಮನುಷ್ಯ. ಪುಸ್ತಕದ ಮಾತೆತ್ತಿದ ಕೂಡಲೇ ಹಾರ್ಮೋನಿಯಂ ಮುಚ್ಚಿ ಮಕ್ಕಳನ್ನು ಮನೆಗೆ ಕಳಿಸಿದರು.

"ಮೊದಲನೇದು ನನ್ನ ಕಡೆ ಐತಿ. ಅದನ್ನ ಓದಿ ಮುಗಿಸಿ ಎರಡನೇದು ತರಬೇಕಂತ ಹೊಂಟಿದ್ದೆ, ಆ ತಾಯಿ ತೀರಿಕೊಂಡ್ರು. ದುಃಖದ ಮನಿಗೆ ಹೋಗಿ ಕತಿ ಪುಸ್ತಕ ಕೊಡ್ರಿ ಅಂತ ಹೆಂಗ ಕೇಳಲಿ? ಅಂದಿನಿಂದ ಇವತ್ತಿನ ತನಕ ಅದು ಹೆಂಗ ಕಳುವಾತು ಅಂತ ವಿಚಾರ ಮಾಡಾಕತ್ತೇನಿ."

ಹುಡುಗಿಗೆ ತಡೆಯಲಾಗಲಿಲ್ಲ. "ಮಾಸ್ತರ, ಕಳುವಾಗಿದ್ದು ಏನ್ರಿ?"

"ಅಯ್ಯ, ಅದೂ ಗೊತ್ತಿಲ್ಲೇನು ನಿಮಗ? ಅಡಕೊತ್ತು."

ಅಡಿಕೆ ಕತ್ತರಿಸುವ ಅಡಕೊತ್ತು. ಹಿಡಿಗೆ ಬಂಗಾರ ಕಟ್ಟಿ ಹರಳು ಕೂಡಿಸಿದ್ದು, ಅಜ್ಜನಿಗೆ ಯಾವುದೋ ಸಂಸ್ಥಾನದಿಂದ ಬಂದದ್ದು ಎಂದೆಲ್ಲ ಮಾಸ್ತರು ವಿವರಿಸಿದರು. ಆದರೂ ಅದು ಅಡಕೊತ್ತೇ. ಹುಡುಗಿ ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ನಗುವುದು ನನಗೆ ಕಾಣುತ್ತಿತ್ತು, ಮಾಸ್ತರಿಗೆ ಕೇಳುತ್ತಿತ್ತು. ಕಡೆಗೆ ಅವರೂ ನಗತೊಡಗಿದರು. ಉಳಿದ ಸಂಪುಟಗಳನ್ನೂ ತಮಗೆ ಓದಲು ಕೊಡಬೇಕೆಂಬ ಮಾತಿನ ಮೇಲೆ ಮೊದಲನೆಯದನ್ನು ನಮ್ಮ ಕೈಗಿಟ್ಟರು.

ಸೋಮವಾರ ವರಾಂಡದಲ್ಲಿ ಸುದ್ದಿ ಹೇಳಿದಾಗ ಎಲ್ಲರ ಮುಖ ಇಳಿಯಿತು. "ಇಷ್ಟೆಲ್ಲಾ ರಂಪಾಟ ಒಂದು ಅಡಕೊತ್ತಿನ ಸಲುವಾಗಿ ಏನ್ರಿ?" ಎಂದರು ಕಾಕಾ. ಸರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸಪ್ಪಳ ಮಾಡತೈತಿ ಅನ್ನೂದು ಅಂತೂ ಖರೇ ಆತು" ಎಂದು ಸಮಾಧಾನ ಮಾಡಿದರು. ಮೊದಲ ಸಂಪುಟದಲ್ಲಿ ಕಾದಂಬರಿಯ ಹೆಸರೂ ಬರೆದವರ ಹೆಸರೂ ಇತ್ತು. ಸರ್ ತಾವೇ ಕೂತು ನಾಡಿನ ದೊಡ್ಡ ಗ್ರಂಥಾಲಯಗಳ ಪಟ್ಟಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹುಡುಕಿದರು. ಅಚ್ಚಾದ ಪ್ರತಿ ಎಲ್ಲೂ ಇರಲಿಲ್ಲ. ಎಷ್ಟೋ ಜನ ಓದಿ ಬಿಸಾಕಿದ ಆ ಕಾದಂಬರಿ ಈಗ ಉಳಿದಿದ್ದರೆ ಬ್ಯಾಡಗಿಯ ಅಜ್ಜಿಯ ಚುಕ್ಕೆಗಳಲ್ಲಿ ಮಾತ್ರ ಎಂದು ಆಗ ನಮಗೆ ಹೊಳೆಯಿತು. ಸರ್ ಬಹಳ ಹೊತ್ತು ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಆಮೇಲೆ ಅದಕ್ಕೊಂದು ಒಳ್ಳೆಯ ಪೆಟ್ಟಿಗೆ ಮಾಡಿಸಿದರು.

ಅದೇ ದಿನಗಳಲ್ಲಿ ನಾನು ಬ್ರೈಲ್ ಕಲಿಯಲು ಶುರು ಮಾಡಿದೆ. ಪುಸ್ತಕವನ್ನು ತಲೆಕೆಳಗಾಗಿ ನಿಲ್ಲಿಸಿದ ನಾಚಿಕೆ ಒಂದಿತ್ತು, ಸಾಲದ್ದಕ್ಕೆ ಹುಡುಗಿ ಹಟ ಹಿಡಿದಳು. ಅ ಎಂದರೆ ಒಂದೇ ಚುಕ್ಕೆ. ಅದು ಸುಲಭ. ಮುಂದಿನದೆಲ್ಲ ನನ್ನ ಬೆರಳಿಗೆ ಸಾಬೂದಾನಿಯ ಹಪ್ಪಳ ಸವರಿದಂತೆ ಆಗುತ್ತಿತ್ತು. "ಕಣ್ಣಿಂದ ನೋಡಬ್ಯಾಡ್ರಿ ಮೇಡಂ" ಎಂದು ಗದರುತ್ತಿದ್ದಳು. ನಾನು ಕದ್ದು ನೋಡುವುದು ಅವಳಿಗೆ ಹೇಗೆ ತಿಳಿಯುತ್ತಿತ್ತೋ. "ನೋಡಿದಾಗ ನೀವು ಲಗೂ ಓದತೀರಿ" ಎಂದು ಕಾರಣ ಹೇಳಿದಳು.

ಯುಗಾದಿಗೆ ಮನೆ ಸ್ವಚ್ಛ ಮಾಡುವಾಗ ಬ್ಯಾಡಗಿಯ ಸೊಸೆಗೆ ಮೂರನೆಯ ಸಂಪುಟ ಸಿಕ್ಕಿತು. ಹಾಸಿಗೆ ತುಂಬಿದ ಟ್ರಂಕಿನ ತಳದಲ್ಲಿತ್ತಂತೆ. ಹುಡುಗಿಯೇ ಹೋಗಿ ತಂದಳು. ಹಬ್ಬದ ರಜೆ ಮುಗಿಯುವಷ್ಟರಲ್ಲಿ ಅವಳೊಬ್ಬಳೇ ಅದನ್ನು ಓದಿ ಮುಗಿಸಿದ್ದಳು. ಏನು ಕೇಳಿದರೂ ಬಾಯಿ ಬಿಡಲಿಲ್ಲ.

ಕಡೆಯ ಅಧ್ಯಾಯ ಓದಿದ ಮಧ್ಯಾಹ್ನ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರ್ ಕಿಟಕಿ ಬಿಟ್ಟು ಹೊರಗೆ ಕುರ್ಚಿ ಹಾಕಿಸಿಕೊಂಡಿದ್ದರು. ಅಕ್ಕ ಎಲ್ಲರಿಗಿಂತ ಮುಂದೆ, ಹುಡುಗಿಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕುಳಿತಿದ್ದಳು. ಪತ್ತೇದಾರ ಒಬ್ಬೊಬ್ಬರ ಎದುರು ನಿಂತು ಅವರು ಹೇಳಿದ ಸುಳ್ಳನ್ನು ಎತ್ತಿ ತೋರಿಸುತ್ತ ಬಂದ. ಸಂಗೀತದ ಮೇಷ್ಟರು, ವೈದ್ಯರು, ಮನೆಯ ಸೋದರಳಿಯ. ಕಡೆಗೆ ಅಡುಗೆಯವಳ ಹತ್ತಿರ ಬಂದು ನಿಂತ. ಅಲ್ಲಿ ಹುಡುಗಿ ಓದು ನಿಲ್ಲಿಸಿ, "ಸ್ವಲ್ಪ ನೀರು ಕೊಡ್ರಿ" ಎಂದಳು. ನೀರು ಕುಡಿದು ಮತ್ತೆ ಬೆರಳಿಟ್ಟಳು. ಅವಳ ಓದು ಸ್ವಲ್ಪ ನಿಧಾನವಾಯಿತು. ಪತ್ತೇದಾರ ಅಡುಗೆಯವಳಿಗೆ ಕೈ ಮುಗಿದು, ನಿನ್ನ ಮೇಲೆ ಅನುಮಾನಪಟ್ಟ ಈ ಮನೆ ನಿನ್ನ ಕ್ಷಮೆ ಕೇಳಬೇಕು ಎಂದ. ಆಮೇಲೆ ಸರಕ್ಕನೆ ತಿರುಗಿ ಸೋದರಳಿಯನ ಕೈ ಹಿಡಿದ. ಅಡಕೊತ್ತು ಅವನ ಮದುವೆಯ ಪೇಟದ ಮಡಿಕೆಯಲ್ಲಿತ್ತು.

ಅಕ್ಕ ಎರಡೂ ಕೈಯಿಂದ ನೆಲ ಬಡಿದಳು. "ನಾ ಹೇಳಿದ್ನಿಲ್ಲ? ನಾ ಮೊದಲ ದಿನದಿಂದ ಹೇಳಿಲ್ಲ?" ಹುಡುಗರು ಸಿಳ್ಳೆ ಹಾಕಿದರು. ಗ್ರಂಥಾಲಯದಲ್ಲಿ ಸಿಳ್ಳೆ ಕೇಳಿದ್ದು ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅದೇ ಮೊದಲು. ಕಾಕಾ ಮಾತ್ರ, ಮದುಮಗನಲ್ಲದವನಿಗೆ ಮದುವೆಯ ಪೇಟ ಯಾಕೆ ಎಂದು ಗೊಣಗಿದರು. ಮರುದಿನ ಅಕ್ಕ ಮನೆಯಿಂದ ಶೇಂಗಾ ಹೋಳಿಗೆ ಮಾಡಿಕೊಂಡು ಬಂದು ಎಲ್ಲರಿಗೂ ಹಂಚಿದಳು. ಕೇಳಿದವರಿಗೆ, "ಸುಮ್ಮನ, ತಿನಬೇಕನಿಸ್ತು" ಎಂದಳು.

ಮಾಸ್ತರಿಗೆ ಕೊಟ್ಟ ಮಾತಿನಂತೆ ನಾನು ಎರಡು ಮತ್ತು ಮೂರನೆಯ ಸಂಪುಟಗಳನ್ನು ರಾಣೆಬೆನ್ನೂರಿಗೆ ಮುಟ್ಟಿಸಿದೆ. ಹದಿನೈದು ದಿನ ಕಳೆದಿರಬೇಕು, ಅವರ ಫೋನು ಬಂತು.

"ಮೇಡಮ್ಮಾರ, ಮುಗಿಸಿದೆ. ಬಾಳ ಛಲೋ ಬರದಾನ. ಆ ಅಡಿಗಿಯಾಕಿನ ಕಳ್ಳಿ ಅಂತ ನನಗ ಮೊದಲ ಸಂಶೇ ಇತ್ತು."

ನಾನು ಫೋನು ಇನ್ನೊಂದು ಕಿವಿಗೆ ಹಚ್ಚಿದೆ. "ಯಾರಂದ್ರಿ ಮಾಸ್ತರ?"

"ಅಡಿಗಿಯಾಕಿ. ಹಿಟ್ಟಿನ ಉಂಡ್ಯಾಗ ಮುಚ್ಚಿ ಇಟ್ಟಿದ್ಲಲ್ಲ ಅಡಕೊತ್ತನ್ನ. ನೀವು ಓದಿಲ್ಲೇನು?"

ಮರುದಿನವೇ ರಜೆ ಹಾಕಿ ರಾಣೆಬೆನ್ನೂರಿಗೆ ಹೋದೆ. ಮಾಸ್ತರರ ಪಡಸಾಲೆಯಲ್ಲಿ ಕುಳಿತು, ಕಡೆಯ ಅಧ್ಯಾಯ ತೆರೆದು, ಕಣ್ಣನ್ನೂ ಬೆರಳನ್ನೂ ಹಚ್ಚಿ ಓದತೊಡಗಿದೆ. ನನ್ನ ಓದು ಎತ್ತಿನ ಗಾಡಿಯ ವೇಗದ್ದು. ಅಕ್ಷರ ಕೂಡಿಸಿ ಪದ, ಪದ ಕೂಡಿಸಿ ಸಾಲು. ಮಾಸ್ತರರ ಮನೆಯವರು ಎರಡು ಸಲ ಚಹಾ ಕೊಟ್ಟರು. ಅ, ಡು, ಗೆ, ಯ, ವ, ಳು ಎಂಬ ಪದದ ಮುಂದೆ ಪತ್ತೇದಾರ ಬಂದು ನಿಂತ. ಅವನು ಕೈ ಮುಗಿಯಲಿಲ್ಲ. "ನಾದಿದ ಹಿಟ್ಟನ್ನು ಇಲ್ಲಿ ತನ್ನಿ" ಎಂದ. ನಾನು ಬ್ರೈಲಿನಲ್ಲಿ ಸ್ವಂತವಾಗಿ ಓದಿದ ಮೊದಲ ಪುಟ ಅದು. ಖುಷಿಪಡಲೋ ಬೇಸರಪಡಲೋ ತಿಳಿಯದೆ ಮಾಸ್ತರರ ಎದುರಿಗೆ ನಕ್ಕುಬಿಟ್ಟೆ. ವರಾಂಡದ ಓದು, ಅಕ್ಕನ ಹೋಳಿಗೆ, ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ಅವರು ಹಾರ್ಮೋನಿಯಂ ಮೇಲೆ ಬೆರಳಾಡಿಸುತ್ತ ಕೇಳಿಸಿಕೊಂಡರು.

ಹುಡುಗಿಯನ್ನು ಕೇಳಿದ್ದು ಸೋಮವಾರ, ಕಪಾಟುಗಳ ನಡುವೆ, ಯಾರೂ ಇಲ್ಲದಾಗ. "ಕಡೀ ಅಧ್ಯಾಯ ನಾ ಓದಿದೆ" ಎಂದೆ.

ಅವಳು ಮೊದಲು ಕೇಳಿದ್ದು, "ಬೆರಳಿಂದನ?"

"ಅರ್ಧ ಬೆರಳು, ಅರ್ಧ ಕಣ್ಣು."

"ಆದ್ರೂ ಛಲೋ ಆತಲ್ರಿ" ಎಂದು ನಕ್ಕಳು. ಆಮೇಲೆ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ಇದ್ದದ್ದು ಇದ್ದಂಗ ಓದಬೇಕಂತನ ಕುಂತಿದ್ದೆರಿ ಮೇಡಂ. ಪತ್ತೇದಾರ ಆಕಿ ಮುಂದ ಬಂದು ನಿಂತಾಗ ಅಕ್ಕಾರ ಉಸುರು ನಿಂತತು. ನನ್ನ ಮೊಳಕಾಲಿಗೆ ಹತ್ತಿ ಕುಂತಿದ್ರು. ನನಗ ಗೊತ್ತಾತು. ನೀರು ಕೇಳಿದೆ. ನೀರು ಕುಡಿಯೂದ್ರಾಗ ಅಳಿಯನ್ನ ಹಿಡದೆ."

"ಪೇಟದಾಗ ಇತ್ತು ಅಂದದ್ದು?"

"ನಮ್ಮಪ್ಪ ಟೇಲರ್ ಅಲ್ಲೇನ್ರಿ. ಬಟ್ಟಿ ಮಡಿಕಿನ ಮೊದಲ ನೆನಪಾತು." ಆಮೇಲೆ ಕೇಳಿದಳು, "ತಪ್ಪಾತೇನ್ರಿ?"

ಪುಸ್ತಕದಲ್ಲಿದ್ದುದನ್ನು ಇದ್ದ ಹಾಗೆ ಕಾಯುವುದು ನನ್ನ ನೌಕರಿ. ಹೌದು, ತಪ್ಪು ಎಂದು ಹೇಳಬೇಕಿತ್ತೇನೋ. "ಪುಸ್ತಕ ಹಂಗ ಐತಲ್ಲವಾ, ಅದನ್ನ ಯಾರೂ ತಿದ್ದಿಲ್ಲ" ಎಂದಷ್ಟೇ ಅಂದೆ. ಅವಳ ಮುಖ ಹಗುರಾಯಿತು. ಒಂದೇ ಭಯ ಉಳಿದಿತ್ತು, ನಿಜವಾದ ಕೊನೆ ಓದಿದ್ದ ಮಾಸ್ತರರದ್ದು.

ಆ ಭಯ ತಿಂಗಳೊಳಗೇ ಎದುರಿಗೆ ಬಂತು. ಪುಸ್ತಕ ಹಿಂದಿರುಗಿಸಲು ಮಾಸ್ತರು ಮೊಮ್ಮಗಳ ಜೊತೆ ಆಟೋದಲ್ಲಿ ನೇರ ಗ್ರಂಥಾಲಯಕ್ಕೇ ಬಂದಿಳಿದರು. ನಾನು ಹೊರಗೆ ಬರುವಷ್ಟರಲ್ಲಿ ಅಕ್ಕ ಅವರನ್ನು ವರಾಂಡದಲ್ಲಿ ಕೂರಿಸಿ, ಚಹಾ ಕೊಟ್ಟು, ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಹುಡುಗಿ ಕಂಬದ ಪಕ್ಕ ನಿಂತಿದ್ದಳು.

"ಮಾಸ್ತರ, ನೀವೂ ಓದೀರಂತ. ಹೆಂಗಿತ್ರಿ ಕತಿ?" ಎಂದು ಅಕ್ಕ ಕೇಳುತ್ತಿದ್ದಳು.

ಮಾಸ್ತರು ಬಶಿಗೆ ಸುರಿದ ಚಹಾ ಹೀರಿ, ಬಶಿ ಕೆಳಗಿಟ್ಟು, ತಲೆ ಅಲ್ಲಾಡಿಸಿದರು. "ಏನು ಹೇಳಲಿ ಬೇ ತಂಗಿ. ಆ ಅಳಿಯ ಮಹಾ ಹಲ್ಕಟ್. ಪಾಪ, ಆ ಅಡಿಗಿಯಾಕಿನ್ನ ಎಷ್ಟ ಗೋಳಾಡಿಸಿದ್ರು. ಜೇಲಿಗೆ ಹೋದ ಮ್ಯಾಲೆ ಅಂವಗ ಅಲ್ಲಿ ಏನು ಕೆಲಸ ಕೊಟ್ರು ಗೊತ್ತೇನು?"

"ಏನ್ರಿ?" ಅಕ್ಕ ಇನ್ನಷ್ಟು ಮುಂದೆ ಸರಿದಳು.

"ಅಡಿಗಿ ಮನ್ಯಾಗ ಭಾಂಡೆ ತಿಕ್ಕೂದು. ಪುಸ್ತಕದಾಗ ಕಡೀಕ ಬಂದೈತಿ. ಈ ಹುಡುಗಿ ಅದನ್ನ ಓದಿ ಹೇಳಿಲ್ಲೇನು?"

ಅಕ್ಕ ತಿರುಗಿ ಹುಡುಗಿಯನ್ನು ನೋಡಿದಳು. "ಅದನ್ಯಾಕ ಬಿಟ್ಟಿ ಬೇ? ಛಲೋದನ್ನ ಬಿಟ್ಟೀಯಲ್ಲ" ಎಂದು ಬೈದಳು. ಹುಡುಗಿ ಕಂಬಕ್ಕೆ ಹಣೆ ಹಚ್ಚಿ ನಗು ತಡೆಯಲು ಹೆಣಗುತ್ತಿದ್ದಳು. ಮಾಸ್ತರು ಏನೂ ಅರಿಯದವರ ಹಾಗೆ, ಇನ್ನೊಂದು ಕಪ್ಪು ಚಹಾ ಸಿಗಬಹುದೇ ಎಂದು ಕೇಳಿದರು. ಅಕ್ಕ ಲಗುಬಗೆಯಿಂದ ಎದ್ದು ಒಲೆಯ ಕಡೆ ಹೋದಳು.